ಬಾಗಿಲಿನ ಬಣ್ಣ ಉಜ್ಜೋ ಮುಂಚೆ ಸ್ವಲ್ಪ ನಿಲ್ಲಿ

ಈಗ ಯಾವ ಹಳೇ ಮನೆ ರಿಪೇರಿ ಶುರುವಾದ್ರೂ ಒಂದು ಮಾತು ಬಂದೇ ಬರುತ್ತೆ: "ಬಾಗಿಲಿನ ಪೇಂಟ್ ಪೂರ್ತಿ ತೆಗೆಸಿ, ಒಳಗಿರೋ ಮರ ಕಾಣ್ಲಿ." ಈ ಆಸೆ ತಪ್ಪಲ್ಲ. ಎನಾಮೆಲ್ ಪದರಗಳ ಕೆಳಗೆ ಒಳ್ಳೇ ಹಲಸೋ ತೇಗವೋ ಇರಬಹುದು. ನನ್ನ ತಕರಾರು ತೆಗೆಯೋ ರೀತಿ ಬಗ್ಗೆ. ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಒಣ ಪೇಂಟನ್ನ ಹಾಗೇ ಉಜ್ಜೋದನ್ನ ನಾವು ನಿಲ್ಲಿಸಬೇಕು.

ಮೊದಲನೇ ಕಾರಣ ಸೀಸ. ಮನೆಗೆ ಬಳಿಯೋ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದ್ರೆ ಕೆಜಿಗೆ 90 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೇ ಬಣ್ಣದಲ್ಲಿ ಎಷ್ಟಿದೆಯೋ ನೋಡಿದ್ರೆ ಗೊತ್ತಾಗಲ್ಲ. ಗಾಢ ಹಳದಿಗೆ ಲೆಡ್ ಕ್ರೋಮೇಟ್ ಬಳಸ್ತಿದ್ರು. ಅದಕ್ಕೆ ಪ್ರಷ್ಯನ್ ಬ್ಲೂ ಸೇರಿಸಿದ್ರೆ ಕ್ರೋಮ್ ಗ್ರೀನ್. ಬಣ್ಣ ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರೋವರೆಗೂ ಅಪಾಯ ಕಮ್ಮಿ. ಪುಡಿಯಾದ್ರೆ ಅದು ನೆಲಕ್ಕೆ, ಬಟ್ಟೆಗೆ, ಅಂಬೆಗಾಲಿಡೋ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತೆ. ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಎರಡನೇ ಕಾರಣ ಸರಳ ಲೆಕ್ಕ. ನುಣುಪು ಮಾಡದ ಒರಟು ಮರದಲ್ಲಿ ಬಣ್ಣ ಗೀರುಗಳ ಒಳಗೆ ಇಳಿದಿರುತ್ತೆ. ಗೀರು 1 ಮಿ.ಮೀ. ಆಳ ಇದ್ರೆ, ಉಜ್ಜಿ ಅದರ ತಳ ಮುಟ್ಟೋಕೆ ಇಡೀ ಬಾಗಿಲಿನ 1 ಮಿ.ಮೀ. ಮರ ಹೋಗಬೇಕು. 2 ಮೀಟರ್ ಎತ್ತರ, 0.9 ಮೀಟರ್ ಅಗಲದ ಬಾಗಿಲಿಗೆ ಒಂದೇ ಬದಿಯಲ್ಲಿ 1.8 ಲೀಟರ್ ಮರ! ಉಳಿಸ್ಬೇಕು ಅಂತಿದ್ದ ಮರವನ್ನೇ ಪುಡಿ ಮಾಡಿದ ಹಾಗಾಯ್ತು.

ಹಾಗಾದ್ರೆ ಏನು ಮಾಡೋದು? ಜೆಲ್ ಥರದ ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಮೆತ್ತಗಾದ ಮೇಲೆ ಮರದ ಎಳೆ ಹೋಗೋ ದಿಕ್ಕಲ್ಲೇ ಸ್ಕ್ರೇಪರ್‌ನಿಂದ ಕೆರೆಯಬೇಕು. ಗೀರುಗಳಿಗೆ ಗಟ್ಟಿ ನೈಲಾನ್ ಬ್ರಷ್ ಸಾಕು. ಡಬ್ಬಿ ಮೇಲೆ ಮೀಥೈಲೀನ್ ಕ್ಲೋರೈಡ್ ಅಂತಿದ್ರೆ ಅದು ಬೇಡ, ಮುಚ್ಚಿದ ರೂಮಲ್ಲಿ ಅದರ ಹೊಗೆ ಜೀವ ತೆಗೆಯಬಹುದು. ಕಾಸ್ಟಿಕ್ ಸೋಡಾ ಹಾಕಿದ್ರೆ ತೇಗದಂಥ ಮರ ಕಪ್ಪಾಗಬಹುದು. ಕೊನೆಗೆ ಉಜ್ಜಲೇಬೇಕು ಅಂದ್ರೆ ಒದ್ದೆ ಮಾಡಿ ಕೈಯಲ್ಲೇ ಉಜ್ಜಿ. ಮೂಗಿಗೆ ಕರ್ಚೀಫ್ ಸಾಲಲ್ಲ, ಕನಿಷ್ಠ ಎನ್95 ಬೇಕು. ಬಣ್ಣ ಮೆತ್ತಿದ ಮರದ ಚೂರನ್ನ ದಯವಿಟ್ಟು ಹಂಡೆ ಒಲೆಗೆ ಹಾಕ್ಬೇಡಿ.

ಇದಕ್ಕೆಲ್ಲ ಟೈಮ್ ಹಿಡಿಯುತ್ತೆ, ಅಸಲಿ ಜಗಳ ಇರೋದೂ ಅಲ್ಲೇ. ಇಡೀ ಕೆಲಸಕ್ಕೆ ಇಷ್ಟು ಅಂತ ಗುತ್ತಿಗೆ ಕೊಟ್ರೆ, ಪೇಂಟರ್ ಅಣ್ಣ ಬೇಗ ಮುಗಿಸೋಕೆ ಗ್ರೈಂಡರ್ ಹಿಡಿಯದೇ ಇನ್ನೇನು ಮಾಡ್ತಾರೆ? ನಾವು ಬಾಗಿಲು ಹಾಕ್ಕೊಂಡು ಒಳಗೆ ಕೂರ್ತೀವಿ, ಅವರು ದಿನವಿಡೀ ಆ ಧೂಳಲ್ಲಿ ಉಸಿರಾಡ್ತಾರೆ. ಅದೇ ಬಟ್ಟೇಲಿ ಮನೆಗೆ ಹೋಗಿ ಮಕ್ಕಳನ್ನ ಎತ್ಕೋತಾರೆ. ಈ ಕೆಲಸಕ್ಕೆ ದಿನಗೂಲಿ ಲೆಕ್ಕದಲ್ಲಿ ದುಡ್ಡು ಕೊಡೋದು, ಮಾಸ್ಕ್ ನಾವೇ ತಂದುಕೊಡೋದು ನ್ಯಾಯ.

"ಅಜ್ಜನ ಕಾಲದಿಂದ ಇದೇ ಬಣ್ಣ ಇದೆ, ಯಾರಿಗೇನಾಯ್ತು?" ಅಂತ ಕೇಳೋರಿದ್ದಾರೆ. ಅಜ್ಜಂದಿರು ಗ್ರೈಂಡರ್ ಹಿಡಿದು ಬಣ್ಣ ಪುಡಿ ಮಾಡ್ತಿರಲಿಲ್ಲ, ಹಬ್ಬ ಬಂದ್ರೆ ಅದರ ಮೇಲೇ ಇನ್ನೊಂದು ಕೋಟ್ ಹೊಡೀತಿದ್ರು. ಏಳದೇ ಇರೋ ಬಣ್ಣಕ್ಕೆ ಇವತ್ತಿಗೂ ಅದೇ ಒಳ್ಳೇ ದಾರಿ. ಅಟ್ಟದ ತೊಲೆ, ಹಿತ್ತಿಲ ಬಾಗಿಲು ಇವನ್ನೆಲ್ಲ ಹಾಗೇ ಬಿಟ್ಟು ಮೇಲೆ ಹೊಸ ಬಣ್ಣ ಬಳೀರಿ. ಮರ ಕಾಣಲೇಬೇಕು ಅಂದ್ರೆ ಮುಂಬಾಗಿಲು ಒಂದನ್ನೇ ಆರಿಸಿಕೊಳ್ಳಿ, ಮನೆ ಹೊರಗೆ ಇಟ್ಟು ನಿಧಾನವಾಗಿ ಮಾಡಿಸಿ. ಈ ಸಲ ರಜೆಗೆ ಊರಿಗೆ ಹೋದಾಗ ಮನೇಲಿ ರಿಪೇರಿ ಮಾತು ಬಂದ್ರೆ, ಗ್ರೈಂಡರ್ ಆನ್ ಆಗೋ ಮುಂಚೆ ಈ ವಿಷಯ ಎತ್ತಿ.