ಪರೀಕ್ಷೆ ಕಾಯಲು ಬಂದ ಜಾಲ, ಪಾಠಕ್ಕೂ ಬರಲಿ

ಯಾದಗಿರಿ: 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಜ್ಯದ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಜಾರಿಗೆ ಬಂತು. ಸುರಪುರ, ಶಹಾಪುರದ ಕೊಠಡಿಗಳಲ್ಲಿ ಮಕ್ಕಳು ಉತ್ತರ ಬರೆಯುತ್ತಿದ್ದರೆ, ಜಿಲ್ಲಾ ಕೇಂದ್ರದಲ್ಲಿ ಕುಳಿತ ಅಧಿಕಾರಿಗಳು ಪರದೆಯ ಮೇಲೆ ನಿಗಾ ಇಟ್ಟಿದ್ದರು. ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆಗೆ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನ. 2023ರಲ್ಲೂ ಕೊನೆಯ ಸ್ಥಾನವೇ, ಆದರೆ ಪ್ರಮಾಣ ಶೇ 75.49 ಇತ್ತು. ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ನಂತರವೂ ಬಂದ ಲೆಕ್ಕವಿದು.

ನಕಲಿಗೆ ಕಡಿವಾಣ ಬಿದ್ದುದೇ ಕುಸಿತಕ್ಕೆ ಕಾರಣ ಎಂಬ ವಿವರಣೆ ಕೇಳಿಬಂತು. ಅದು ನಿಜವಾದರೆ, ಹಿಂದಿನ ವರ್ಷಗಳಲ್ಲಿ ತರಗತಿಯೊಳಗೆ ನಡೆದುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಅಂತರಜಾಲ ಸಂಪರ್ಕ ಒದಗಿಸಬಲ್ಲ ಆಡಳಿತಕ್ಕೆ ವರ್ಷವಿಡೀ ನಡೆಯುವ ಪಾಠಕ್ಕೆ ಅದನ್ನು ಒದಗಿಸುವುದು ಅಸಾಧ್ಯವೇನೂ ಅಲ್ಲ.

ಪ್ರಯತ್ನಗಳೇ ನಡೆದಿಲ್ಲ ಎನ್ನಲಾಗದು. ಕೇಂದ್ರ ಸರ್ಕಾರದ ದೀಕ್ಷಾ ಜಾಲತಾಣ 2017ರಲ್ಲಿ ಆರಂಭವಾಯಿತು. ಪಠ್ಯಪುಸ್ತಕದ ಪುಟಗಳಿಗೆ ಕ್ಯೂಆರ್ ಕೋಡ್ ಬಂತು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯು ಸ್ಮಾರ್ಟ್‌ಫೋನ್ ಇರುವವರು, ಸಾಧಾರಣ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಆದರೂ ಆ ವಿಂಗಡಣೆಯಲ್ಲಿ ಪ್ರಾಮಾಣಿಕತೆಯಿತ್ತು. ಎಲ್ಲರ ಕೈಯಲ್ಲೂ ಫೋನ್ ಇದೆಯೆಂಬ ಭ್ರಮೆಯನ್ನು ಅದು ಇಟ್ಟುಕೊಳ್ಳಲಿಲ್ಲ.

ಈ ಭಾಗದಲ್ಲಿ ಆ ಭ್ರಮೆ ದುಬಾರಿಯಾಗುತ್ತದೆ. ದುಡಿಮೆಗೆಂದು ಬೆಂಗಳೂರಿಗೆ ಗುಳೆ ಹೋಗುವ ತಂದೆಯೊಂದಿಗೆ ಮನೆಯ ಏಕೈಕ ಫೋನ್ ಕೂಡ ಹೋಗುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಮಹಿಳೆಯರಲ್ಲಿ ಅದು ಸುಮಾರು ಶೇ 41 ಮಾತ್ರ. ಫೋನ್ ಮನೆಯಲ್ಲೇ ಉಳಿದರೂ ಪಾಠದ ಸೂಚನೆಯನ್ನು ಓದಿ ಹೇಳುವವರು ಯಾರು? ಹತ್ತಿ ಬಿಡಿಸುವ ಹಂಗಾಮಿನಲ್ಲಿ ಮಕ್ಕಳೇ ಹೊಲದಲ್ಲಿರುತ್ತಾರೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗುರುಮಠಕಲ್ ಕಡೆ ತೆಲುಗು. ಇಡೀ ರಾಜ್ಯಕ್ಕೆಂದು ಸಿದ್ಧವಾದ ಒಂದೇ ವಿಡಿಯೊದ ಗ್ರಾಂಥಿಕ ಕನ್ನಡ ಅವರನ್ನು ಮುಟ್ಟುವುದು ಕಷ್ಟ.

ಆದ್ದರಿಂದ ಆನ್‌ಲೈನ್ ಕಲಿಕೆಯ ನೆಲೆಯನ್ನು ಮಗುವಿನ ಮನೆಯಲ್ಲಿ ಅಲ್ಲ, ಶಾಲೆಯಲ್ಲಿ ಕಟ್ಟಬೇಕು. ಮೊದಲು ಶಿಕ್ಷಕರಿಗಾಗಿ ಕಟ್ಟಬೇಕು. ಇದಕ್ಕೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. 2000ರ ದಶಕದ ಮಧ್ಯದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದೊಡನೆ ಸೇರಿ ಸುರಪುರ ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲಾ ಕಾರ್ಯಕ್ರಮವನ್ನು ಕೈಗೊಂಡಿತ್ತು. ಮುಂದೆ ಈ ಜಿಲ್ಲೆಯ ಶಿಕ್ಷಕರು ಶಾಲಾ ಅವಧಿಯ ನಂತರ, ಯಾರ ಆದೇಶವೂ ಇಲ್ಲದೆ, ಒಂದೆಡೆ ಕುಳಿತು ಭಿನ್ನರಾಶಿಯನ್ನು ಹೇಗೆ ಕಲಿಸಬೇಕೆಂದು ಚರ್ಚಿಸುವ ರೂಢಿಯೂ ಬೆಳೆಯಿತು. ಅಂತರಜಾಲ ಮಾಡಬೇಕಾದುದು ಇಷ್ಟೇ: ಬಸ್ ತಪ್ಪಿದರೆ ಊರು ಸೇರಲಾಗದ ಹುಣಸಗಿ ಭಾಗದ ಗಣಿತ ಶಿಕ್ಷಕಿಯನ್ನು ಆ ಚರ್ಚೆಗೆ ಕರೆತರುವುದು. ಅಲ್ಲಿ ರೂಪುಗೊಂಡ ಪಾಠವನ್ನು ಶಾಲೆಯ ಪರದೆಗೆ ಮುಂಚಿತವಾಗಿ ಇಳಿಸಿಕೊಂಡರೆ ನೆಟ್‌ವರ್ಕ್ ಕೈಕೊಟ್ಟರೂ ತರಗತಿ ನಿಲ್ಲದು. ಅತಿಥಿ ಶಿಕ್ಷಕರು ವರ್ಷ ವರ್ಷ ಬದಲಾಗುವ ಪ್ರೌಢಶಾಲೆಗಳಿಗಂತೂ ಹಿಂದಿನವರು ಬಿಟ್ಟುಹೋದ ಟಿಪ್ಪಣಿಯೇ ದೊಡ್ಡ ಆಸರೆ.

ಹಣವಿಲ್ಲ ಎಂಬ ಮಾತು ಇಲ್ಲಿ ಸಲ್ಲದು. 371(ಜೆ) ವಿಧಿಯಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯು ಶಿಕ್ಷಣಕ್ಕೆಂದೇ ‘ಅಕ್ಷರ ಆವಿಷ್ಕಾರ’ ರೂಪಿಸಿದೆ. ಕಟ್ಟಡದ ಕಾಮಗಾರಿಗೆ ಗುತ್ತಿಗೆದಾರರು ಸಿಗುತ್ತಾರೆ, ಉದ್ಘಾಟನೆಗೆ ಜನಪ್ರತಿನಿಧಿಗಳೂ ಸಿಗುತ್ತಾರೆ. ಶಿಕ್ಷಕರ ಸಂಜೆಯ ಚರ್ಚೆಗೆ ಕತ್ತರಿಸಲು ಟೇಪು ಇಲ್ಲ. ಕನಿಷ್ಠಪಕ್ಷ, ಪರೀಕ್ಷೆಗೆಂದು ಕೇಂದ್ರಗಳಿಗೆ ಬಂದ ಸಂಪರ್ಕ ಜೂನ್‌ನಲ್ಲಿ ಶಾಲೆ ತೆರೆದಾಗಲೂ ಇರುವಂತೆ ಮಾಡಲು ಹೊಸ ಯೋಜನೆಯೇನೂ ಬೇಕಿಲ್ಲ.