ಟ್ರ್ಯಾಕ್ಟರ್ ತಕರಾರು: ವಿಚಾರಣೆಗೆ ಮುನ್ನ

ಸಾಲ ಮಾಡಿ ಕೊಂಡ ಹೊಸ ಟ್ರ್ಯಾಕ್ಟರು ಬಿತ್ತನೆಯ ಹದದಲ್ಲಿಯೇ ಕೈಕೊಟ್ಟರೆ ರೈತನಿಗೆ ನಷ್ಟ ಇಮ್ಮಡಿ: ಹದವೂ ತಪ್ಪಿತು, ಕಂತೂ ನಿಲ್ಲದು. ದೂರಿದವರಿಗೆ ಮಾರಾಟಗಾರರು ಕರಾರಿನಲ್ಲಿರುವ ಮಧ್ಯಸ್ಥಿಕೆಯ ಷರತ್ತು ತೋರಿಸುವುದುಂಟು. ಅಂಜಬೇಕಾಗಿಲ್ಲ. ಆ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚದೆಂಬುದನ್ನು ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ, ಎಮಾರ್ ಪ್ರಕರಣದಲ್ಲಿ, ಎತ್ತಿಹಿಡಿದಿದೆ. 2019ರ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅವಧಿ 2 ವರ್ಷ. ‘ನಾಳೆ ಸರಿಮಾಡಿ ಕೊಡುತ್ತೇವೆ’ ಎಂಬ ಮಾತು ನಂಬಿ ಅದನ್ನು ಕಳೆದುಕೊಳ್ಳಬಾರದು.

ಎರಡು ದಾರಿಯಲ್ಲಿ ಯಾವುದು ಹಿಡಿದರೂ ಬೇಕಾದುದು ಕಾಗದ. ಗಾಡಿ ರಿಪೇರಿಗೆ ಬಿಟ್ಟಾಗಲೆಲ್ಲ ಜಾಬ್ ಕಾರ್ಡಿನಲ್ಲಿ ದೋಷ, ತಾರೀಖು, ಓಡಿದ ಗಂಟೆಗಳನ್ನು ಬರೆಸಿ ಪ್ರತಿ ಪಡೆಯಬೇಕು. ನಮ್ಮವರು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ. ಮೆಕ್ಯಾನಿಕ್ ಪರಿಚಯದವನೆಂದು ಬಾಯಿಮಾತಿನಲ್ಲಿ ಹೇಳಿ ಬರುತ್ತಾರೆ. ‘ಸರ್ವೀಸ್ ಮಾಡಿಸಲಿಲ್ಲ, ಅತಿಭಾರ ಎಳೆಸಿದ’ ಎಂಬುದು ಎದುರಾಳಿಯ ಸಿದ್ಧ ಉತ್ತರ. ಸರ್ವೀಸ್ ಪುಸ್ತಕವೇ ಅದಕ್ಕೆ ಜವಾಬು. ತಯಾರಿಕೆಯ ದೋಷವೆಂದು ವಾದಿಸುವುದಾದರೆ ತಜ್ಞರ ತಪಾಸಣೆಯನ್ನು ಮೊದಲೇ ಕೋರಬೇಕು. ಅಲ್ಲಿಯವರೆಗೆ ಊರಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಕೂಡದು. ಕಂತು ನಿಲ್ಲಿಸುವುದೂ ಜಾಣತನವಲ್ಲ, ಸಾಲದ ಕರಾರು ಬೇರೆಯೇ. ಬಾಡಿಗೆಗೆ ಓಡಿಸಿದ್ದರೆ ‘ವಾಣಿಜ್ಯ ಉದ್ದೇಶ’ ಎಂಬ ಆಕ್ಷೇಪಣೆ ಬಂದೀತು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕಾಯಿದೆಯಲ್ಲಿ ವಿನಾಯಿತಿಯಿದೆ. ಪಹಣಿಯನ್ನೂ ಜೊತೆಗೆ ಒಯ್ಯಿರಿ.