ಕೆಟ್ಟ ಸ್ಕ್ರಿಪ್ಟನ್ನೂ ಪರೀಕ್ಷೆಗೆ ಕೊಡಿ

ಬಿಸಿಎ ಪ್ರಾಯೋಗಿಕ ಪರೀಕ್ಷೆಯಲ್ಲಿ ಶೆಲ್ ಸ್ಕ್ರಿಪ್ಟಿಗೆ ಅಂಕ ಕೊಡುವ ರೀತಿ ಬದಲಾಗಬೇಕು. ಹಾಸನದ ಸರ್ಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಯುನಿಕ್ಸ್ ಲ್ಯಾಬ್ ತೆಗೆದುಕೊಳ್ಳುವ ನಾನು ಇದನ್ನು ಪ್ರತಿ ಸೆಮಿಸ್ಟರಿನಲ್ಲೂ ಕಣ್ಣಾರೆ ಕಾಣುತ್ತಿದ್ದೇನೆ. ಮಕ್ಕಳು ರೆಕಾರ್ಡ್ ಪುಸ್ತಕದ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಟೈಪ್ ಮಾಡಿ ರನ್ ಮಾಡಿದಾಗ ಔಟ್‌ಪುಟ್ ಬಂದರೆ ಅಂಕ ಸಿಗುತ್ತದೆ. ಬಾರದಿದ್ದರೆ ಇಡೀ ಪ್ರೋಗ್ರಾಮನ್ನು ಅಳಿಸಿ ಮತ್ತೆ ಮೊದಲಿನಿಂದ ಟೈಪ್ ಮಾಡಲು ಕೂರುತ್ತಾರೆ. ಪರದೆಯ ಮೇಲೆ ಮೂಡಿದ ಎರರ್ ಏನು ಹೇಳುತ್ತಿದೆ ಎಂದು ನೋಡುವವರು ವಿರಳ. ನೋಡಿದವರಿಗೆ ಅಂಕವೇನೂ ಇಲ್ಲವಲ್ಲ!

ಶೆಲ್ ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದಾದ ಮೇಲೊಂದರಂತೆ ಕೊಡಬೇಕಾದ ಆಜ್ಞೆಗಳನ್ನು ಬರೆದಿಟ್ಟ ಸಾದಾ ಪಠ್ಯದ ಫೈಲ್. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಯುನಿಕ್ಸ್‌ನ 7ನೇ ಆವೃತ್ತಿಯ ಜೊತೆ ಹೊರಬಂತು. ಹತ್ತು ವರ್ಷಗಳ ನಂತರ ಬ್ರಯನ್ ಫಾಕ್ಸ್ ಬರೆದ ಬ್ಯಾಶ್ ಬಂತು. ನಮ್ಮ ಲ್ಯಾಬಿನ ಉಬುಂಟು ಯಂತ್ರಗಳಲ್ಲಿ ಇಂದಿಗೂ ಮಕ್ಕಳು ಬಳಸುವುದು ಅದನ್ನೇ. ರಾತ್ರಿ ಬ್ಯಾಕಪ್ ತೆಗೆಯುವುದು, ಹಳೆಯ ಲಾಗ್ ಫೈಲುಗಳನ್ನು ಗುಡಿಸುವುದು, ಹೊಸ ಸಾಫ್ಟ್‌ವೇರ್ ಕೂರಿಸುವುದು ಮುಂತಾದ ಸರ್ವರ್ ಚಾಕರಿಯಲ್ಲಿ ಬಹುಪಾಲು ಇಂಥ ಫೈಲುಗಳಿಂದಲೇ ನಡೆಯುತ್ತದೆ. ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಕೈಗೆ ಮೊದಲು ಬರುವುದು ಹೊಸದಾಗಿ ಬರೆಯಬೇಕಾದ ಸ್ಕ್ರಿಪ್ಟ್ ಅಲ್ಲ. ಯಾರೋ ಎಂದೋ ಬರೆದು ಹೋದ, ಈಗ ಯಾಕೋ ನಿಂತುಹೋಗಿರುವ ಸ್ಕ್ರಿಪ್ಟ್ ಅದು.

ಸಾದಾ ಪಠ್ಯ ಎಂಬುದೇ ಇದರ ದೊಡ್ಡ ಗುಣ. ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ‘ಇದನ್ನು ಯಾವುದರಲ್ಲಿ ತೆರೆಯಲಿ’ ಎಂದು ಕೇಳುತ್ತದೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಎಡಿಟರ್ ತೆರೆದುಕೊಳ್ಳುತ್ತದೆ. ‘ಮೇಡಂ, ಫೈಲ್ ರನ್ ಆಗ್ತಿಲ್ಲ, ಬರೀ ಓಪನ್ ಆಗ್ತಿದೆ’ ಎಂದು ಮಕ್ಕಳು ದೂರುತ್ತಾರೆ. ಓಪನ್ ಆಗಿದೆಯಲ್ಲ, ಹಾಗಾದರೆ ಓದು ಎನ್ನುತ್ತೇನೆ. ಎಕ್ಸ್‌ಇ ಫೈಲನ್ನು ಹೀಗೆ ತೆರೆದರೆ ಅರ್ಥವಾಗದ ಗುರುತುಗಳ ರಾಶಿ ಬಿಟ್ಟು ಇನ್ನೇನೂ ಕಾಣದು. ಸ್ಕ್ರಿಪ್ಟ್ ಹಾಗಲ್ಲ, ತಾನು ಏನು ಮಾಡಲಿದ್ದೇನೆಂದು ಸಾಲುಸಾಲಾಗಿ ಹೇಳುತ್ತದೆ.

ಅರಕಲಗೂಡು ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಅಣ್ಣನ ವಿಂಡೋಸ್ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಸ್ಕ್ರಿಪ್ಟ್ ಬರೆದು ಪೆನ್‌ಡ್ರೈವ್‌ನಲ್ಲಿ ತಂದಿದ್ದ. ರನ್ ಮಾಡಿದರೆ ‘ಪರ್ಮಿಷನ್ ಡಿನೈಡ್’ ಎಂದಿತು. ಚ್‌ಮಾಡ್ ಆಜ್ಞೆ ಕೊಟ್ಟು ಅನುಮತಿ ಹಾಕಿದ. ಮತ್ತೆ ಅದೇ ಉತ್ತರ. ಅವನ ಪೆನ್‌ಡ್ರೈವ್ ಫ್ಯಾಟ್ ಮಾದರಿಯದು. ಅದರಲ್ಲಿ ಯುನಿಕ್ಸ್ ಅನುಮತಿಗಳನ್ನು ಬರೆದಿಡಲು ಜಾಗವೇ ಇರುವುದಿಲ್ಲ, ಹಾಗಾಗಿ ಹಾಕಿದ ಅನುಮತಿ ನಿಲ್ಲುವುದಿಲ್ಲ. ಫೈಲನ್ನು ಹೋಮ್ ಫೋಲ್ಡರಿಗೆ ಕಾಪಿ ಮಾಡಿಸಿ ಅಲ್ಲಿ ಅನುಮತಿ ಹಾಕಿಸಿದೆ. ಈಗ ಬಂದ ಎರರ್ ಬೇರೆ: ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’. ‘ಫೈಲ್ ಇಲ್ಲೇ ಕಣ್ಣೆದುರಿಗೇ ಇದೆಯಲ್ಲ ಮೇಡಂ!’ ಎಂದ. ಫೈಲ್ ಕೆಟ್ಟಿದೆ, ಅಳಿಸಿಬಿಡುತ್ತೇನೆ ಎಂದು ಹೊರಟೇಬಿಟ್ಟಿದ್ದ.

ತಡಿಯಪ್ಪ, ಒಳಗೆ ಏನಿದೆ ಅಂತ ನೋಡೋಣ ಎಂದೆ. ಕ್ಯಾಟ್ ಆಜ್ಞೆಗೆ ದೊಡ್ಡ ‘ಎ’ ಆಯ್ಕೆ ಸೇರಿಸಿ ಕೊಟ್ಟರೆ ಕಣ್ಣಿಗೆ ಕಾಣದ ಅಕ್ಷರಗಳೂ ಪರದೆಯ ಮೇಲೆ ಕಾಣುತ್ತವೆ. ಪ್ರತಿ ಸಾಲಿನ ಕೊನೆಯಲ್ಲೂ ‘^ಎಂ$’ ಎಂದು ಮೂಡಿತು. ಸಾಲು ಮುಗಿಯಿತೆಂದು ಹೇಳಲು ಯುನಿಕ್ಸ್ ಒಂದೇ ಅಕ್ಷರ ಬಳಸುತ್ತದೆ, ಅದರ ಸಂಖ್ಯೆ 10. ವಿಂಡೋಸ್ 13 ಮತ್ತು 10 ಎಂಬ ಎರಡನ್ನು ಬಳಸುತ್ತದೆ. ಟೆಲಿಟೈಪ್ ಯಂತ್ರದ ಕಾಲದಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಮೇಲಕ್ಕೆ ಸರಿಸಲು ಇನ್ನೊಂದು ಸಂಕೇತ ಇತ್ತು, ಅದರ ಉಳಿಕೆ ಇದು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘#!’ ಆದ ಮೇಲೆ ಬ್ಯಾಶ್ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಅವನ ಫೈಲಿನಲ್ಲಿ ಆ ವಿಳಾಸದ ಬಾಲಕ್ಕೆ 13 ಅಂಟಿಕೊಂಡಿತ್ತು. ಆ ಹೆಸರಿನ ಪ್ರೋಗ್ರಾಮು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಸಿಗಲಿಲ್ಲ ಎಂದು ಕಂಪ್ಯೂಟರ್ ಹೇಳಿದ್ದು ಸ್ಕ್ರಿಪ್ಟಿನ ಬಗ್ಗೆ ಅಲ್ಲ, ಈ ಪ್ರೋಗ್ರಾಮಿನ ಬಗ್ಗೆ. ಬ್ಯಾಶ್‌ನ ಹಳೆಯ ಆವೃತ್ತಿಗಳು ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಹೇಳಿ ಆ ‘^ಎಂ’ ಗುರುತನ್ನೂ ತೋರಿಸುತ್ತಿದ್ದವು. 5.2ನೇ ಆವೃತ್ತಿಯ ಈ ಹೊಸ ಮಾತು ಹೊಸಬರಿಗೆ ಇನ್ನಷ್ಟು ಕಷ್ಟ. ಡಾಸ್‌ಟುಯುನಿಕ್ಸ್ ಎಂಬ ಪುಟ್ಟ ಆಜ್ಞೆ ಕೊಟ್ಟ ಕೂಡಲೇ ಸ್ಕ್ರಿಪ್ಟ್ ಓಡಿತು. ಆ ಹುಡುಗ ಅಲ್ಲಿಗೆ ಬಿಡಲಿಲ್ಲ. ಗೆಳೆಯರ ಫೈಲುಗಳನ್ನೆಲ್ಲ ತೆರೆದು ಯಾರ ಸಾಲಿನ ಕೊನೆಯಲ್ಲಿ ಏನಿದೆ ಎಂದು ನೋಡತೊಡಗಿದ. ಆ ಮಧ್ಯಾಹ್ನ ಅವನು ಕಲಿತದ್ದಕ್ಕೆ ನಮ್ಮ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಎರರ್ ಕಂಡರೆ ಹೆದರುತ್ತಾರೆ ಎಂದು ಹಲವರು ಹೇಳುತ್ತಾರೆ. ಹೆದರುವುದು ನಿಜ. ಆದರೆ ಶೆಲ್ ಪದೇ ಪದೇ ಆಡುವ ಮಾತುಗಳು ಬೆರಳೆಣಿಕೆಯಷ್ಟು. ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ. ‘ಕಮಾಂಡ್ ನಾಟ್ ಫೌಂಡ್’ ಬಂದರೆ ಸಮಚಿಹ್ನೆಯ ಆಚೀಚೆ ಜಾಗ ಬಿಟ್ಟಿದ್ದೀಯಾ ನೋಡು. ಜಾಗ ಬಿಟ್ಟರೆ ಶೆಲ್ ನಿನ್ನ ವೇರಿಯಬಲ್ ಹೆಸರನ್ನೇ ಆಜ್ಞೆ ಎಂದುಕೊಳ್ಳುತ್ತದೆ. ಚೌಕ ಆವರಣದಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ಜಾಗ ಬಿಡಲೇಬೇಕು. ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಬಂದರೆ ಅದು ಹೇಳುವ ಸಾಲನ್ನು ನೋಡಿ ಫಲವಿಲ್ಲ. ತಪ್ಪು ಸಾಮಾನ್ಯವಾಗಿ ಮೇಲೆಲ್ಲೋ ಇರುತ್ತದೆ, ಮುಚ್ಚದೆ ಬಿಟ್ಟ ‘ಇಫ್’ ಅಥವಾ ಉದ್ಧರಣ ಚಿಹ್ನೆಯನ್ನು ಹುಡುಕು. ವರ್ಡ್‌ನಿಂದಲೋ ಪಿಡಿಎಫ್ ನೋಟ್ಸ್‌ನಿಂದಲೋ ಕಾಪಿ ಮಾಡಿದ್ದರೆ ಆ ಚಿಹ್ನೆಗಳು ಬಾಗಿದವೋ ನೆಟ್ಟಗಿರುವವೋ ಗಮನಿಸು. ಬಾಗಿದ್ದು ಶೆಲ್ಲಿನ ಕಣ್ಣಿಗೆ ಉದ್ಧರಣ ಚಿಹ್ನೆಯೇ ಅಲ್ಲ. ಈ ಕಾಗದ ಗೋಡೆಗೆ ಬಂದ ಮೇಲೆ ಮಕ್ಕಳು ನನ್ನನ್ನು ಕರೆಯುವ ಮೊದಲು ಗೋಡೆ ನೋಡುತ್ತಾರೆ.

ಓದದೆ ಓಡಿಸುವುದರಿಂದ ಅಂಕವಷ್ಟೇ ಹೋಗುವುದಾದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. 2015ರ ಜನವರಿಯಲ್ಲಿ ಬಯಲಾದ ಪ್ರಕರಣವನ್ನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಸ್ಟೀಮ್ ಎಂಬ ಹೆಸರಾಂತ ಗೇಮಿಂಗ್ ತಂತ್ರಾಂಶದ ಲಿನಕ್ಸ್ ಆವೃತ್ತಿಯನ್ನು ಚಾಲೂ ಮಾಡುವ ಶೆಲ್ ಸ್ಕ್ರಿಪ್ಟಿನಲ್ಲಿ, ಸ್ಟೀಮ್ ಇರುವ ಫೋಲ್ಡರನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಅದರ ಮುಂದೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಸೇರಿಸಿ, ಎಲ್ಲವನ್ನೂ ಅಳಿಸು ಎಂಬ ಆಜ್ಞೆ ಇತ್ತು. ಬಳಕೆದಾರರೊಬ್ಬರು ಆ ಫೋಲ್ಡರನ್ನು ಬೇರೆಡೆಗೆ ಸರಿಸಿದ್ದರು. ವೇರಿಯಬಲ್ ಖಾಲಿಯಾಯಿತು. ಉಳಿದದ್ದು ಓರೆಗೆರೆ ಮತ್ತು ನಕ್ಷತ್ರ, ಅಂದರೆ ಇಡೀ ಕಂಪ್ಯೂಟರಿನ ಬುಡ. ಅವರ ಫೈಲುಗಳ ಜೊತೆಗೆ, ಬ್ಯಾಕಪ್ ಇಟ್ಟಿದ್ದ ಹೊರಗಿನ ಡ್ರೈವ್ ಕೂಡ ಖಾಲಿಯಾಯಿತು. ಆ ಸಾಲಿನ ತಲೆಯ ಮೇಲೆ ಬರೆದವರೇ ‘ಸ್ಕೇರಿ’ ಎಂದು ಟಿಪ್ಪಣಿ ಹಾಕಿಟ್ಟಿದ್ದರು! ವೇರಿಯಬಲ್ ಖಾಲಿ ಇದ್ದರೆ ನಿಂತುಬಿಡು ಎಂಬ ಒಂದು ತಪಾಸಣೆ ಇದ್ದಿದ್ದರೆ ಸಾಕಿತ್ತು.

ಇದು ಲಿನಕ್ಸ್ ಬಳಸುವವರ ಪಾಡು ಎಂದು ಉಳಿದವರು ನಿರಾಳವಾಗಿರುವಂತೆಯೂ ಇಲ್ಲ. 2024ರಿಂದೀಚೆಗೆ ಕ್ಲಿಕ್‌ಫಿಕ್ಸ್ ಎಂಬ ವಂಚನೆ ಹಬ್ಬಿದೆ. ‘ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಿ’ ಎಂಬ ನೆಪದಲ್ಲಿ ವಿಂಡೋಸ್ ಮತ್ತು ಆರ್ ಕೀಲಿ ಒತ್ತಿಸಿ, ಪೇಸ್ಟ್ ಮಾಡಿಸಿ, ಎಂಟರ್ ಹೊಡೆಸುತ್ತಾರೆ. ಪೇಸ್ಟ್ ಆಗಿದ್ದು ಕಳ್ಳ ಸಾಫ್ಟ್‌ವೇರನ್ನು ಒಳಗೆ ಬಿಟ್ಟುಕೊಳ್ಳುವ ಆಜ್ಞೆ. ಎಂಟರ್‌ಗೆ ಮುಂಚೆ ಒಂದು ಕ್ಷಣ ಆ ಸಾಲಿನ ಮೇಲೆ ಕಣ್ಣಾಡಿಸುವ ಅಭ್ಯಾಸ ಇರುವವರು ಇದಕ್ಕೆ ಸುಲಭವಾಗಿ ಬೀಳುವುದಿಲ್ಲ.

‘ಈಗ ಎಐ ಬರೆದುಕೊಡುತ್ತೆ, ಎಐಯೇ ಸರಿಮಾಡುತ್ತೆ, ಮಕ್ಕಳಿಗೆ ಇದೆಲ್ಲ ಯಾಕೆ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಎಐ ಬರೆದುಕೊಟ್ಟಿದ್ದನ್ನು ರನ್ ಮಾಡುವ ಕೈ ನಮ್ಮ ಮಕ್ಕಳದೇ, ಅಳಿಸಿಹೋಗುವುದೂ ಅವರ ಕಂಪನಿಯ ಫೈಲುಗಳೇ. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದುವ ಹೊಣೆ ಹೆಚ್ಚುತ್ತದೆ ಎಂದು ನಾನು ನಂಬುತ್ತೇನೆ. ಸಿಲಬಸ್ ಮುಗಿಸಲು ಸಮಯವಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ಒಪ್ಪುತ್ತೇನೆ. ಹಾಗಾಗಿಯೇ ಹೊಸ ಪಾಠ ಸೇರಿಸಿ ಎನ್ನುತ್ತಿಲ್ಲ, ಇರುವ ಪರೀಕ್ಷೆಯಲ್ಲೇ ಒಂದು ಪ್ರಶ್ನೆಯನ್ನು ಬದಲಿಸಿ ಎನ್ನುತ್ತಿದ್ದೇನೆ.

ವಿಶ್ವವಿದ್ಯಾಲಯಗಳ ಪಠ್ಯಕ್ರಮ ಮಂಡಳಿಯಲ್ಲಿರುವವರು ಇದನ್ನು ಗಮನಿಸಬೇಕು. ಪರೀಕ್ಷೆಯ ಎರಡು ಪ್ರೋಗ್ರಾಮುಗಳಲ್ಲಿ ಒಂದನ್ನು ವಿದ್ಯಾರ್ಥಿಯೇ ಬರೆಯಲಿ. ಇನ್ನೊಂದನ್ನು ಕೆಡಿಸಿ ಕೊಡಿ. ಅನುಮತಿ ಇಲ್ಲದ ಫೈಲ್, ವಿಂಡೋಸ್ ಸಾಲುಗಳು, ಒಂದು ಬಾಗಿದ ಉದ್ಧರಣ ಚಿಹ್ನೆ, ಮುಚ್ಚದ ಲೂಪ್ ಇಷ್ಟು ಸಾಕು. ಬ್ಯಾಶ್‌ಗೆ ‘-ಎನ್’ ಕೊಟ್ಟರೆ ರನ್ ಮಾಡದೆಯೇ ವ್ಯಾಕರಣ ತಪ್ಪು ಹಿಡಿಯಬಹುದು, ‘-ಎಕ್ಸ್’ ಕೊಟ್ಟರೆ ಪ್ರತಿ ಹೆಜ್ಜೆಯನ್ನೂ ತೋರಿಸುತ್ತಾ ಹೋಗುತ್ತದೆ. ಶೆಲ್‌ಚೆಕ್ ಎಂಬ ಉಚಿತ ತಂತ್ರಾಂಶ ಇನ್ನೂ ಸೂಕ್ಷ್ಮ ತಪ್ಪುಗಳನ್ನು ಎತ್ತಿ ಹೇಳುತ್ತದೆ. ಇವನ್ನೆಲ್ಲ ಬಳಸಲು ಬಿಡಿ, ಅಡ್ಡಿಯಿಲ್ಲ. ಯಾವ ಎರರ್ ಬಂತು, ಅದರಿಂದ ಏನೆಂದು ಊಹಿಸಿದೆ, ಏನು ಬದಲಿಸಿದೆ ಎಂಬುದನ್ನು ಉತ್ತರಪತ್ರಿಕೆಯಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲಿ, ಆ ಪ್ರಶ್ನೆಯ ಅಂಕಗಳಲ್ಲಿ ಅರ್ಧದಷ್ಟನ್ನು ಅದಕ್ಕೆ ಇಡಿ. ಕೊನೆಗೆ ಸ್ಕ್ರಿಪ್ಟ್ ಓಡದಿದ್ದರೂ ಆ ಅಂಕ ಸಿಗಬೇಕು. ಮುಂದಿನ ಸೆಮಿಸ್ಟರಿನ ಮಾದರಿ ಪರೀಕ್ಷೆಗೆ ಇಂಥ ಫೈಲುಗಳನ್ನು ಸಿದ್ಧಮಾಡಿ ಇಟ್ಟಿದ್ದೇನೆ, ಬೇಕೆಂದ ಕಾಲೇಜುಗಳಿಗೆ ಕೊಡುತ್ತೇನೆ.